ಚೆಲುವನ ನಾಲ್ಕು ಕಡ್ಡಿ

ಅವ್ವ ಸಾಯುವ ಮೂರು ದಿನ ಮೊದಲು ನನ್ನ ಕೈ ಹಿಡಿದುಕೊಂಡು ಒಂದು ಮಾತು ತೆಗೆದುಕೊಂಡಳು. ಜಮೀನಿನ ಮಾತಲ್ಲ, ಒಡವೆಯ ಮಾತಲ್ಲ. "ಚೆಲುವನಿಗೆ ಯಾವತ್ತೂ ಕೆಲ್ಸ ಹೇಳ್ಬೇಡ ಕಣೆ ಜಯಶೀಲ," ಅಂದಳು. ಚೆಲುವ ಅಂದರೆ ಚೆಲುವರಾಯ, ನನ್ನ ಒಬ್ಬನೇ ತಮ್ಮ. ಆಗ ಅವನಿಗೆ ಹದಿನೇಳು. ಅವನು ಸೋಮಾರಿ ಅಂತ ಅವ್ವ ಹಾಗೆ ಹೇಳಿದ್ದಲ್ಲ. ಕೆಲಸ ಹೇಳಿದರೆ ಅವನು ಅದನ್ನು ಮೈಮೇಲೆ ಎಳೆದುಕೊಂಡುಬಿಡುತ್ತಿದ್ದ. ಎಂಟು ವರ್ಷದವನಿದ್ದಾಗ ಅಪ್ಪ "ಹಾಲು ಉಕ್ಕದ ಹಾಗೆ ನೋಡ್ಕೊಳ್ಳೋ" ಅಂದಿದ್ದಕ್ಕೆ, ಒಲೆ ಆರಿದ ಮೇಲೂ ಸಂಜೆಯವರೆಗೆ ಪಾತ್ರೆ ಬಿಟ್ಟು ಏಳದೆ, ಊಟಕ್ಕೂ ಬಾರದೆ ಕೂತಿದ್ದ. ಮಾರನೆಯ ದಿನ ಮೈ ಕಾದು ನಾಲ್ಕು ದಿನ ಮಲಗಿದ. ಅಲ್ಲಿಂದ ಮುಂದೆ ಅವ್ವ ಅವನಿಗೆ ಒಂದು ಚೊಂಬು ನೀರು ತಾ ಅಂತಲೂ ಹೇಳಿದವಳಲ್ಲ. "ಹೇಳಲ್ಲ ಕಣವ್ವ," ಅಂದೆ. ಅತ್ತ ಒಲೆ ಮೇಲೆ ಅನ್ನ ಸೀಯುವ ವಾಸನೆ ಬರುತ್ತಿತ್ತು. ಬೇಗ ಬೇಗ ಮಾತು ಕೊಟ್ಟು ಎದ್ದು ಓಡಿದೆ.

ಅದಾಗಿ ಇಪ್ಪತ್ತೊಂದು ವರ್ಷ. ಮದುವೆಯಾಗಿ ಈ ಊರಿಗೆ ಬರುವಾಗ ಟ್ರಂಕಿನ ಜೊತೆ ತಮ್ಮನೂ ಬಂದ. ನಮ್ಮ ಯಜಮಾನರು ಲಾರಿ ಓಡಿಸುವವರು, ಹತ್ತು ದಿನಕ್ಕೋ ಹನ್ನೆರಡು ದಿನಕ್ಕೋ ಒಮ್ಮೆ ಮನೆಗೆ ಬಂದಾಗಲೆಲ್ಲ ಜಗಲಿಯ ಮೇಲೆ ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ಕೂತಿರುವ ಭಾವಮೈದುನನನ್ನು ನೋಡಿ, "ನಿನ್ನ ತಮ್ಮ ನಮ್ಮನೆಗೊಂದು ಕಂಬ ಇದ್ದಂಗೆ ಕಣೆ," ಅನ್ನುತ್ತಿದ್ದರು. ನನಗೆ ಹಿಗ್ಗಾಗುವಷ್ಟರಲ್ಲಿ, "ಅಲ್ಲ, ಕಂಬ ಮೇಲಿನ ಸೂರನ್ನಾದ್ರೂ ಹೊರುತ್ತೆ," ಅಂತ ಸೇರಿಸುತ್ತಿದ್ದರು. ನಾನು ಹಪ್ಪಳ ಮಾಡಿ ಅಂಗಡಿಗಳಿಗೆ, ಮದುವೆಮನೆಗಳಿಗೆ ಕೊಡುತ್ತೇನೆ. ಬೆಳಗಿನ ಐದಕ್ಕೆ ಹಿಟ್ಟು ನಾದಲು ಕೂತರೆ ನನ್ನ ಸೊಂಟ ನನ್ನದಲ್ಲ. ಚೆಲುವ ಎದುರಿಗೆ ಕೂತು, "ಅಕ್ಕಾ, ಹಿಟ್ಟು ಎಷ್ಟು ಮೆತ್ತಗೆ ಕಾಣ್ಸುತ್ತಲ್ಲ," ಅನ್ನುತ್ತಿದ್ದ. ಲಟ್ಟಣಿಗೆಯನ್ನು ಅವನ ಕೈಗೆ ಕೊಡೋಣ ಅಂತ ಎಷ್ಟು ಸಲ ಅನ್ನಿಸಿತೋ. ಮಾತು ಕೊಟ್ಟಿದ್ದೆ. ತುಟಿ ಕಚ್ಚಿಕೊಂಡು ಲಟ್ಟಿಸುತ್ತಿದ್ದೆ.

ನನ್ನ ಮಗಳು ಇಂಚರ ಒಂದನೇ ಕ್ಲಾಸಿಗೆ ಸೇರಿದ ವರ್ಷ ಸಂತೆಮಾಳದ ಹಿಂದಿನ ದಿಬ್ಬದ ಮೇಲೆ ಟವರ್ ಬಂತು. ನಮ್ಮೂರಿನ ಟವರಿನದು ಒಂದೇ ಕಟ್ಟಳೆ. ಕೈಯಲ್ಲಿ ಕೆಲಸವಿರುವವರ ಫೋನಿಗೆ ಸಿಗ್ನಲ್ ಬರುವುದಿಲ್ಲ. ಸುಮ್ಮನೆ ಕೂತವರ ಫೋನಿಗೆ ಬರುತ್ತದೆ. ಕೈಯಷ್ಟೇ ಸುಮ್ಮನಿದ್ದರೆ ಸಾಲದು, ತಲೆಯೊಳಗೂ ಕೆಲಸ ಇರಬಾರದು. ಟವರನ್ನು ಪರೀಕ್ಷಿಸಲು ಬಂದ ಎಂಜಿನಿಯರುಗಳು ಬೆಳಗಿನಿಂದ ದಿಬ್ಬ ಹತ್ತಿ ಇಳಿದು ಬೆವರು ಸುರಿಸಿದರೂ ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಏಳಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಈ ದರಿದ್ರ ಊರಿನ ಗೊಡವೆ ನಮಗೇಕೆ ಅಂತ ಹುಣಸೆಮರದ ಕೆಳಗೆ ಕಾಲು ಚಾಚಿದರು. ನಾಲ್ಕೂ ಕಡ್ಡಿ ಎದ್ದು ನಿಂತವು. ಸರಿಹೋಗಿದೆ ಅಂತ ಬರೆದುಕೊಂಡು ಹೋದವರು ತಿರುಗಿ ಬರಲಿಲ್ಲ.

ನಾವು ಹೊಂದಿಕೊಂಡೆವು. ಮನೆಗೊಬ್ಬರು ಕೂರುವವರು ಅಂತ ಆಯಿತು. ಅವರ ಜೇಬಿನಲ್ಲಿ ಫೋನಿಟ್ಟು ಹಾಟ್‌ಸ್ಪಾಟ್ ಹಾಕಿಬಿಟ್ಟರೆ ಮನೆಮಂದಿಗೆಲ್ಲ ಇಂಟರ್ನೆಟ್ಟು. ಮಕ್ಕಳ ಪಾಠ, ಗ್ಯಾಸ್ ಬುಕ್ಕಿಂಗು, ಪಡಿತರದ ಹೆಬ್ಬೆಟ್ಟು, ಎಲ್ಲ ಅವರ ಸುತ್ತ ನಡೆಯುತ್ತಿತ್ತು. ಹೆಣ್ಣು ನೋಡಲು ಹೋದವರು ಹುಡುಗಿ ಏನು ಓದಿದ್ದಾಳೆ ಅಂತ ಕೇಳುವ ಮೊದಲು "ನಿಮ್ಮನೇಲಿ ಕೂರೋರು ಯಾರು?" ಅಂತ ಕೇಳತೊಡಗಿದರು. ದುಡಿಯುವ ಗಂಡುಮಕ್ಕಳೇ ತುಂಬಿದ ಮನೆಯವರು ತಲೆ ತಗ್ಗಿಸಬೇಕಾಯಿತು. ಕೂರುವವರಿಗೆ ಸಂಬಳ ಕೊಡುವ ಹಾಗಿರಲಿಲ್ಲ, ಕೊಟ್ಟರೆ ಅದು ನೌಕರಿಯಾಗಿ ಕಡ್ಡಿ ಬಿದ್ದುಹೋಗುತ್ತಿತ್ತು. ಎರವಲು ಕರೆಸುವ ಹಾಗೂ ಇರಲಿಲ್ಲ, ಇನ್ನೊಬ್ಬರ ಮನೆಯಲ್ಲಿ ಹೋಗಿ ಕೂರುವುದು ಉಪಕಾರ, ಉಪಕಾರ ಮಾಡುವವನಿಗೆ ಬಿಡುವೆಲ್ಲಿ? ನಿದ್ದೆಯೂ ನಡೆಯುತ್ತಿರಲಿಲ್ಲ. ನಾಳೆ ದುಡಿಯುವುದಕ್ಕೇ ಇವತ್ತು ಮಲಗುವವರು ನಾವು. ಟವರಿಗೆ ಅದೂ ತಿಳಿಯುತ್ತಿತ್ತು.

ಇಂಥ ಊರಿನಲ್ಲಿ ಚೆಲುವನ ಬೆಲೆ ಏನಾಯಿತು ಅಂತ ಬೇರೆ ಹೇಳಬೇಕೆ? ಬೇರೆ ಮನೆಯ ಕೂರುವವರಿಗೆ ಎರಡು ಕಡ್ಡಿ, ಹಬ್ಬದ ದಿನ ಮೂರು. ನನ್ನ ತಮ್ಮನಿಗೆ ಹಗಲೆಲ್ಲ ನಾಲ್ಕು. ಚಾರ್ಜರಿನ ವೈರು ಎಲ್ಲಿಯವರೆಗೆ ಮುಟ್ಟುತ್ತಿತ್ತೋ ಅಲ್ಲಿ ಗೋಡೆಗೊರಗಿ ಕೂರುತ್ತಿದ್ದ. ಫೋನು ಕಾದು ಎದೆ ಸುಡುತ್ತದೆ ಅಂತ ಜೇಬಿನೊಳಗೆ ಒದ್ದೆ ಕರವಸ್ತ್ರ ಮಡಿಸಿ ಇಟ್ಟುಕೊಳ್ಳುವುದನ್ನು ಕಲಿತಿದ್ದ. ಅಷ್ಟೇ ಅವನು ಕಲಿತದ್ದು. ಪಕ್ಕದ ಮನೆ ಜುಲೇಖಾಬಿ ಕಾಂಪೌಂಡಿನ ಆಚೆಯಿಂದ ನಮ್ಮ ಗೋಡೆಗೆ ಅಂಟಿಕೊಂಡ ಹಾಗೆ ಕಟ್ಟೆ ಹಾಕಿಸಿ, ತನ್ನ ಮಕ್ಕಳನ್ನು ಅಲ್ಲಿ ಓದಲು ಕೂರಿಸಿದ್ದಳು. "ನಿಮ್ ತಮ್ಮ ಫರಿಶ್ತೆ ಕಣಕ್ಕ, ದೇವದೂತ," ಅನ್ನುವಳು. "ನಮ್ ಮಾವನೂ ಇದಾರೆ ನೋಡು, ಪೇಪರ್ ಓದ್ತಾ ಓದ್ತಾ ತಪ್ಪು ಹುಡುಕೋಕೆ ಶುರು ಮಾಡಿದ್ರು. ಇದ್ದೊಂದು ಕಡ್ಡೀನೂ ಹೋಯ್ತು."

ಇನ್ನು ನನ್ನ ತಪ್ಪಿನ ವಿಷಯ ಹೇಳಬೇಕು.

ಇಂಚರ ಈ ವರ್ಷ ಪಿಯುಸಿ ಮುಗಿಸಿದಳು. ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಓದೊಂದಿದೆಯಲ್ಲ, ಅದನ್ನು ಓದಬೇಕು ಅಂತ ಅವಳಿಗೆ ಆಸೆ. ದೂರದ ಊರಿನ ಒಂದು ಕಾಲೇಜಿನವರು ಇಪ್ಪತ್ತು ಜನಕ್ಕೆ ಊಟ, ಹಾಸ್ಟೆಲು, ಓದು ಎಲ್ಲ ಪುಕ್ಕಟೆ ಕೊಡುತ್ತಾರೆ. ಅದಕ್ಕೆ ಪರೀಕ್ಷೆ ಬರೆಯಬೇಕು. ಮನೆಯಿಂದಲೇ, ಅರ್ಜಿಯಲ್ಲಿ ಕೊಟ್ಟ ವಿಳಾಸದಿಂದಲೇ, ಕ್ಯಾಮೆರಾ ಮುಂದೆ ಕೂತು, ಎರಡು ಗಂಟೆ. ನಡುವೆ ಮೂರು ನಿಮಿಷ ಸಂಪರ್ಕ ತಪ್ಪಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಇನ್ನೊಂದು ಅವಕಾಶವಿಲ್ಲ. ಅದು ಸಿಗದಿದ್ದರೆ ಅವಳೂ ನನ್ನ ಎದುರಿಗೆ ಇನ್ನೊಂದು ಮಣೆ ಹಾಕಿಕೊಂಡು ಹಪ್ಪಳ ಲಟ್ಟಿಸಲು ಕೂರಬೇಕು. ಬೇರೆ ದಾರಿಯಿರಲಿಲ್ಲ. ನನಗೆ ಆತಂಕವೇನೂ ಇರಲಿಲ್ಲ. ಮಾವ ಇದ್ದಾನಲ್ಲ ಅಂದುಕೊಂಡಿದ್ದೆ. ಊರಿನ ಎಲ್ಲ ತಾಯಂದಿರಿಗಿಂತ ನಾನು ನಿಶ್ಚಿಂತೆಯಾಗಿದ್ದೆ.

ಪರೀಕ್ಷೆಗೆ ಇಪ್ಪತ್ತೆರಡು ದಿನ ಇರುವಾಗ ಮಿತ್ರಮಂಡಳಿಯ ಅಧ್ಯಕ್ಷರಾದ ಮಾದಯ್ಯ ಮೇಷ್ಟ್ರು ಮನೆಗೆ ಬಂದರು. ವಾರ್ಷಿಕೋತ್ಸವಕ್ಕೆ ಊರಿನ ಒಬ್ಬ ಸಾಧಕರಿಗೆ ಸನ್ಮಾನ ಮಾಡುವುದು ಅವರ ರೂಢಿ. ನಾಟಿ ವೈದ್ಯರು, ಹಾರ್ಮೋನಿಯಂ ನುಡಿಸುವವರು, ನೂರು ವರ್ಷ ತುಂಬಿದ ಅಜ್ಜಿ, ಎಲ್ಲರಿಗೂ ಆಗಿತ್ತು.

"ಈ ಸಲ ಚೆಲುವರಾಯರಿಗೆ ಅಂತ ತೀರ್ಮಾನ ಆಗಿದೆ ಕಣಮ್ಮ," ಅಂದರು ಮೇಷ್ಟ್ರು. "ನೀವೇನಂತೀರಿ?"

ಬೇಡ ಅನ್ನಬೇಕಿತ್ತು. ಆದರೆ ಇಪ್ಪತ್ತೊಂದು ವರ್ಷ "ನಿಮ್ಮ ತಮ್ಮ ಏನ್ಮಾಡ್ಕೊಂಡಿದಾನೆ?" ಅಂತ ಯಾರಾದರೂ ಕೇಳಿದರೆ ಮಾತು ಮರೆಸುತ್ತಿದ್ದವಳು ನಾನು. ಅವನ ಹೆಗಲ ಮೇಲೆ ಒಂದು ಶಾಲು ಬೀಳುವುದನ್ನು ನೋಡಬೇಕು ಅಂತ ಎಷ್ಟು ಆಸೆಯಾಯಿತು ಅಂದರೆ, ಹಾರಕ್ಕೆ ಸೇವಂತಿಗೆಯನ್ನು ನಾನೇ ಕಟ್ಟಿಕೊಟ್ಟೆ.

ಸಭೆ ಚೆನ್ನಾಗಿಯೇ ನಡೆಯಿತು. "ಕಳೆದ ಹನ್ನೊಂದು ವರ್ಷಗಳಿಂದ ಒಂದು ಹುಲ್ಲುಕಡ್ಡಿಯನ್ನೂ ಅತ್ತಿಂದಿತ್ತ ಮಾಡದೆ ನಾಡಿನ ಏಳಿಗೆಗಾಗಿ ಜೀವನ ಮುಡಿಪಿಟ್ಟ ಮಹನೀಯರು," ಅಂತ ಮೇಷ್ಟ್ರು ಮೈಕಿನಲ್ಲಿ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಗಡಿಯಾರವಿದ್ದ ಒಂದು ನೆನಪಿನ ಕಾಣಿಕೆ. ತಲೆಗೆ ತೊಡಿಸಿದ ಪೇಟ ದೊಡ್ಡದಾಗಿ ಕಿವಿಯವರೆಗೆ ಇಳಿದಿತ್ತು. ಎರಡು ಮಾತಾಡಿ ಅಂತ ಮೈಕು ಕೊಟ್ಟರು. ಚೆಲುವ ಪೇಟವನ್ನು ಮೇಲಕ್ಕೆ ಸರಿಸಿ, "ನಾನೇನೂ ಮಾಡಿಲ್ಲ," ಅಂದ. ಎಂಥ ವಿನಯ ಅಂತ ಜನ ಇನ್ನೊಂದು ಸಲ ಎದ್ದು ನಿಂತರು.

ಮಾರನೆಯ ಬೆಳಿಗ್ಗೆ ನಾನು ಹಿಟ್ಟಿಗೆ ಕೈ ಹಾಕುವ ಹೊತ್ತಿಗೇ ಚೆಲುವ ಸ್ನಾನ ಮಾಡಿ, ಕ್ರಾಪು ಬಾಚಿ, ಶಾಲು ಹೊದ್ದು, ಗೋಡೆಗೊರಗದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಎದುರಿಗೆ ಆ ಗಾಜಿನ ಗಡಿಯಾರ.

"ಇದ್ಯಾಕೋ ಇಷ್ಟು ಬೇಗ ಎದ್ದೆ?"

"ಆರು ಗಂಟೆಗೆ ಶುರು ಮಾಡ್ಬೇಕು ಅಂತ ಅಕ್ಕಾ. ಇಷ್ಟು ದಿನ ಹೆಂಗೋ ನಡೀತು. ಇನ್ಮೇಲೆ ಜನ ನೋಡ್ತಾರಲ್ಲ. ಜವಾಬ್ದಾರಿ."

ಅವನ ಜೇಬಿನಿಂದ ಫೋನು ತೆಗೆದು ನೋಡಿದೆ. ನಾಲ್ಕು ಕಡ್ಡಿ ನಿಲ್ಲುತ್ತಿದ್ದ ಮೂಲೆಯಲ್ಲಿ ಒಂದು ಗುಣಿಸುವ ಗುರುತು.

ಅದಾದ ಮೇಲೆ ನಾವು ಮಾಡದ ಉಪಾಯವಿಲ್ಲ. ಶಾಲನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದೆ. ಅವನು ಇನ್ನೂ ನೆಟ್ಟಗೆ ಕೂತ. ಮೇಷ್ಟ್ರನ್ನು ಕರೆಸಿ, "ಸನ್ಮಾನ ವಾಪಸ್ ತಗೊಂಡಿದೀವಿ ಅಂತ ಹೇಳಿ ಸಾರ್," ಅಂತ ಬೇಡಿಕೊಂಡೆ. ಅವರು ಹೇಳಿದರು ಕೂಡ. ಚೆಲುವ ಕಣ್ಣಲ್ಲಿ ನೀರು ತಂದುಕೊಂಡು, "ಏನ್ ತಪ್ಪಾಯ್ತು ಸಾರ್, ಇನ್ನೂ ಚೆನ್ನಾಗಿ ಕೂರ್ತೀನಿ," ಅಂದ. ಜುಲೇಖಾಬಿ ತನ್ನ ಮಾವನನ್ನು ಪೇಪರಿಲ್ಲದೆ ಕಳಿಸಿದಳು. ಆ ಹಿರಿಯರು ನಮ್ಮ ನಡುಮನೆಯಲ್ಲಿ ಕೂತು, ಪಾಪದ ಹುಡುಗಿಗೆ ಒಳ್ಳೆಯದಾಗಲಿ ಅಂತ ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತಿದ್ದರು. ಕಡ್ಡಿ ಹೇಗೆ ಬರಬೇಕು? ಯಜಮಾನರಿಗೆ ಊರಾಚೆಯ ಡಾಬಾದಿಂದ ಫೋನು ಮಾಡಿ ಬರುವಿರಾ ಅಂದರೆ, "ಬಂದ್ ಕೂತ್ರೂ ನನ್ನ ಕಾಲು ಬ್ರೇಕ್ ಮೇಲೇ ಇರುತ್ತೆ ಕಣೆ," ಅಂದರು. ನಿಜವೇ. ಅವರು ಮಲಗಿರುವಾಗಲೂ ಬಲಗಾಲು ಒತ್ತುತ್ತಲೇ ಇರುತ್ತದೆ.

ಕೊನೆಗೆ ಇಂಚರಳೇ ಹೇಳಿದಳು. "ಅಮ್ಮಾ, ನೀನ್ ಕೂತ್ಕೊ."

"ನಾನಾ?"

"ಇನ್ಯಾರಿದಾರೆ?"

ಚೆಲುವ ಉತ್ಸಾಹದಿಂದ ಎದ್ದ. "ನಾನ್ ಕಲಿಸ್ತೀನಿ ಅಕ್ಕಾ. ಏನ್ ಮಹಾ!"

ಪಾಠ ಅಂದೇ ಶುರುವಾಯಿತು. ಅವನ ಜಾಗದಲ್ಲಿ, ಅವನ ಗೋಡೆಗೆ ಒರಗಿ ನಾನು ಕೂತೆ. ಫೋನು ನನ್ನ ಮಡಿಲಲ್ಲಿ. ಅವನು ಎದುರಿಗೆ ಮಂಡಿಯೂರಿ ಕಡ್ಡಿ ನೋಡುತ್ತಿದ್ದ.

"ಅಕ್ಕಾ, ನಿನ್ ಕೈ ಏನ್ ಮಾಡ್ತಿದೆ ನೋಡ್ಕೊ."

ನೋಡಿಕೊಂಡೆ. ಎರಡು ಬೆರಳು ಗಾಳಿಯಲ್ಲಿ ಉಂಡೆ ಕಟ್ಟುತ್ತಿದ್ದವು. ಕೈಗಳ ಮೇಲೆ ಕೂತುಕೊಂಡೆ.

"ಈಗ ಯಾವ್ದಾದ್ರೂ ಉಪಯೋಗ ಇಲ್ದಿರೋದನ್ನ ನೋಡು. ಗೋಡೆ ನೋಡು."

"ನೋಡಿದೆ."

"ಏನ್ ಅನ್ನಿಸ್ತು?"

"ಸುಣ್ಣ ಬಳೀಬೇಕು ಅನ್ನಿಸ್ತು."

"ಥೂ. ಆಕಾಶ ನೋಡು."

"ಒಳ್ಳೆ ಬಿಸ್ಲು ಕಣೋ. ಇನ್ನೂರು ಹಪ್ಪಳ ಒಣಗ್ತಿತ್ತು."

ಇಂಚರ ಒಳಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ನಗುವುದು ಕೇಳಿಸಿತು. ಐದು ದಿನ ಒಂದು ಕಡ್ಡಿಯೂ ಬರಲಿಲ್ಲ. ಆರನೆಯ ದಿನ ಒಂದು ಎದ್ದಿತು. "ಬಂತು ಬಂತು!" ಅಂತ ಚೆಲುವ ಕೂಗಿದ. ಗೆದ್ದೆ ಅನ್ನಿಸಿತು. ಗೆದ್ದೆ ಅನ್ನಿಸಿದ್ದಕ್ಕೇ ಬಿದ್ದುಹೋಯಿತು.

"ನೀನ್ ಎಲ್ಲಿ ತಪ್ತಿದ್ದೀಯ ಗೊತ್ತಾ ಅಕ್ಕಾ?" ಅಂದ ಅವನು, ಗುರುವಿನ ಗತ್ತಿನಲ್ಲಿ. "ನೀನು ಸುಮ್ನೆ ಕೂರೋ ಕೆಲ್ಸ ಮಾಡ್ತಿದ್ದೀಯ. ಸುಮ್ನೆ ಕೂರ್ತಿಲ್ಲ."

"ಹೇಳೋದು ನೋಡು. ನೀನೇ ಮರ್ತೋದೋನು."

"ಅದ್ಕೇ ನಂಗೆ ಅದು ಗೊತ್ತಾಗಿದ್ದು. ಕೂರೋಕೆ ಬರ್ತಿದ್ದಾಗ ಗೊತ್ತಿರ್ಲಿಲ್ಲ."

ಸುಸ್ತು ನನಗೆ ಇನ್ನೊಂದು ಶತ್ರು. ಗೋಡೆಗೆ ಒರಗಿ ಎರಡು ನಿಮಿಷವಾದರೆ ಇಪ್ಪತ್ತು ವರ್ಷದ ನಿದ್ದೆ ರೆಪ್ಪೆಯ ಮೇಲೆ ಬಂದು ಕೂರುತ್ತಿತ್ತು. ತೂಕಡಿಸಿದ ತಕ್ಷಣ ಕಡ್ಡಿ ಮಾಯ. ಆಗ ಚೆಲುವ ಅರ್ಥವಿಲ್ಲದ ಮಾತಿಗೆ ಎಳೆಯುತ್ತಿದ್ದ. ಇರುವೆಗೆ ಬೇಜಾರಾಗುತ್ತದೆಯೆ? ಜಗತ್ತಿನಲ್ಲಿ ಮೊದಲು ಆಕಳಿಸಿದವನು ಯಾರು? ಬೆಕ್ಕಿಗೆ ತನ್ನ ಹೆಸರು ಬೆಕ್ಕು ಅಂತ ಗೊತ್ತೆ? ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ, ಹೇಳಲು ನಾಚಿಕೆ, ನಾನೂ ಉತ್ತರ ಕೊಡತೊಡಗಿದೆ. ಹದಿನೈದನೆಯ ದಿನ ಆಕಳಿಕೆಯ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ಎರಡು ಕಡ್ಡಿ ಬಂದು ಮುಕ್ಕಾಲು ಗಂಟೆ ನಿಂತವು. ಪರೀಕ್ಷೆಗೆ ಎರಡು ಸಾಕು ಅಂತ ಇಂಚರ ಲೆಕ್ಕ ಹಾಕಿದ್ದಳು. ಅವಳು ನನ್ನ ಪಕ್ಕದಲ್ಲಿ ಬಂದು ಕೂತು ನನ್ನ ಭುಜಕ್ಕೆ ತಲೆ ಆನಿಸಿದಳು. ಇವಳ ತಲೆಗೆ ಎಣ್ಣೆ ಹಚ್ಚಬೇಕು ಅನ್ನಿಸಿತು ನನಗೆ. ಒಂದು ಕಡ್ಡಿ ಹೋಯಿತು.

ಪರೀಕ್ಷೆಯ ದಿನ ಹಪ್ಪಳ ಹಾಕಬೇಡ ಅಂತ ಎಲ್ಲರೂ ಹೇಳಿದ್ದರು. ಜುಲೇಖಾಬಿ ಆಣೆ ಹಾಕಿಸಿಕೊಳ್ಳುವುದೊಂದು ಬಾಕಿ. ನಾನು ಹೂಂ ಅಂದಿದ್ದೆ. ಆದರೆ ಹುಣಸೂರಮ್ಮನ ಬೀದಿಯ ಮದುವೆಮನೆಗೆ ನಾನ್ನೂರು ಹಪ್ಪಳ ಒಪ್ಪಿಕೊಂಡಾಗಿತ್ತು, ಹಿಂದಿನ ದಿನದ ಹಿಟ್ಟು ಉಳಿದಿತ್ತು, ಬೆಳಿಗ್ಗೆ ಎದ್ದು ನೋಡಿದರೆ ಬಿಸಿಲು ಕಂಚಿನ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಹತ್ತು ಗಂಟೆಗೆ ತಾನೆ ಪರೀಕ್ಷೆ ಅಂದುಕೊಂಡು ಲಟ್ಟಿಸಿಯೇಬಿಟ್ಟೆ. ಒಂಬತ್ತೂವರೆಗೆ ತಾರಸಿಯ ಮೇಲೆ ಆರು ಹಳೆಯ ಸೀರೆ, ಸೀರೆಯ ತುದಿಗಳಿಗೆ ಕಲ್ಲು, ಸೀರೆಗಳ ತುಂಬ ಹಪ್ಪಳ. ಕೆಳಗಿಳಿದು ಬಂದಾಗ ಇಂಚರ ನನ್ನ ಮೊಣಕೈಗೆ ಹತ್ತಿದ ಹಿಟ್ಟನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಹತ್ತಕ್ಕೆ ಅವಳು ಶಾಲೆಯಿಂದ ಎರವಲು ತಂದ ಲ್ಯಾಪ್‌ಟಾಪಿನೊಂದಿಗೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಧ್ಯೆ ಯಾರದಾದರೂ ಫೋನು ಬಂದರೆ ನೆಟ್ಟು ಕಡಿಯುತ್ತದೆ ಅಂತ ಯಾವ ಕರೆಯೂ ಬಾರದ ಹಾಗೆ ಮೊದಲೇ ಮಾಡಿಟ್ಟಿದ್ದಳು. ನಾನು ಗೋಡೆಗೊರಗಿದೆ. ಚೆಲುವ ಎದುರಿಗೆ ಕೂತ. ಕಡ್ಡಿಯ ಕಡೆ ನಾನು ನೋಡುವ ಹಾಗಿರಲಿಲ್ಲ, ಕಾವಲೂ ಕೆಲಸವೇ. ಅವನು ನೋಡಿ ಹುಬ್ಬಿನಲ್ಲೇ ಹೇಳುತ್ತಿದ್ದ. ಎರಡು ಹುಬ್ಬೂ ಮೇಲಿದ್ದರೆ ಎರಡು ಕಡ್ಡಿ.

"ಅಕ್ಕಾ, ಹಲ್ಲಿ ಮೊದ್ಲು ಗೋಡೆ ಹತ್ತಿತ್ತಾ, ಇಲ್ಲಾ ಮರ ಹತ್ತಿತ್ತಾ?"

"ಮರ. ಗೋಡೆ ಕಟ್ಟೋರು ಎಲ್ಲಿದ್ರು ಆಗ?"

"ಗುಹೆ ಇತ್ತಲ್ಲ. ಗುಹೆಗೆ ಗೋಡೆ ಇರಲ್ವಾ?"

"ಗುಹೆಗೆ ಎಲ್ಲಾ ಗೋಡೇನೇ ಕಣೋ."

ಹೀಗೆ ಒಂದು ಗಂಟೆ ಹೋಯಿತು. ಅವನ ಹುಬ್ಬುಗಳು ಇಳಿಯಲಿಲ್ಲ. ಹನ್ನೊಂದೂಕಾಲಿರಬೇಕು, ಕಿಟಕಿಯ ಪರದೆ ಒಮ್ಮೆ ಒಳಗೆ ಉಬ್ಬಿ ಹಿಂದೆ ಹೋಯಿತು. ಆಮೇಲೆ ಬೀದಿಯ ಧೂಳೆಲ್ಲ ಒಟ್ಟಾಗಿ ಎದ್ದ ಸದ್ದು. ಜುಲೇಖಾಬಿಯ ಮನೆಯ ತಗಡಿನ ಬಾಗಿಲು ಢಬಾರನೆ ಬಡಿದುಕೊಂಡಿತು. ಗಾಳಿ.

ತಾರಸಿಯ ಮೇಲಿನ ಕಲ್ಲು ಉರುಳಿದ್ದು ನನಗೆ ಕೇಳಿಸಿತು. ಮೊದಲನೆಯ ಸೀರೆ ಎದ್ದಿತು ಅಂತ ನೋಡದೆಯೇ ತಿಳಿಯಿತು. ಚೆಲುವನ ಒಂದು ಹುಬ್ಬು ಇಳಿಯಿತು. ಇನ್ನೊಂದೂ ಇಳಿಯಿತು. ಒಳಕೋಣೆಯಿಂದ ಇಂಚರ ಸಣ್ಣಗೆ, ಕ್ಯಾಮೆರಾಕ್ಕೆ ಕೇಳದ ಹಾಗೆ, "ಅಮ್ಮಾ," ಅಂದಳು. ಆಮೇಲೆ ಕೇಳುವ ಹಾಗೇ ಕೂಗಿದಳು. "ಅಮ್ಮಾ, ಸುತ್ತುತ್ತಾ ಇದೆ! ನಿಂತೋಗಿದೆ!"

ಮೂರು ನಿಮಿಷ. ಕಣ್ಣು ಮುಚ್ಚಿದೆ. ಹಪ್ಪಳದ ಯೋಚನೆ ಮಾಡಬಾರದು, ಮಾಡಬಾರದು, ಮಾಡಬಾರದು ಅಂತ ಹೇಳಿಕೊಂಡೆ. ಅದಕ್ಕಿಂತ ದೊಡ್ಡ ದುಡಿಮೆ ನಾನು ಯಾವತ್ತೂ ಮಾಡಿರಲಿಲ್ಲ. ಎದ್ದು ಮೇಲೆ ಓಡಿದರೆ ನೆಟ್ಟು ಹೋಗಿಯೇ ಹೋಯಿತು. ಓಡದಿದ್ದರೂ ಮನಸ್ಸು ಆಗಲೇ ಮೆಟ್ಟಿಲು ಹತ್ತಿತ್ತು.

"ಅಕ್ಕಾ, ನೋಡಿಲ್ಲಿ," ಅಂದ ಚೆಲುವ ಕಿಟಕಿಯ ಕಡೆ ಕೈ ತೋರಿಸಿ, ಮಕ್ಕಳ ಹಾಗೆ ಬೆರಗಾಗಿ. "ಹಪ್ಪಳ ಹಾರ್ತಿದೆ! ಎಷ್ಟ್ ಚೆಂದ!"

ಕಣ್ಣು ಬಿಟ್ಟೆ. ಹಕ್ಕಿಗಳ ಹಿಂಡಿನ ಹಾಗೆ ಹತ್ತೋ ಹದಿನೈದೋ ಹಪ್ಪಳ ಬೀದಿ ದಾಟಿ ಹೋಗುತ್ತಿದ್ದವು. ಅವನು ಅಲ್ಲೇ ಕೂತು ನೋಡುತ್ತಿದ್ದ. ಎದ್ದು ಹೋಗಿ ಎತ್ತೋಣ ಅಂತ ಅವನಿಗೆ ಹೊಳೆಯುವುದಾದರೂ ಹೇಗೆ? ಇಪ್ಪತ್ತೊಂದು ವರ್ಷ ನಾನೇ ಹೊಳೆಯದ ಹಾಗೆ ನೋಡಿಕೊಂಡಿದ್ದೆ.

"ಚೆಲುವ," ಅಂದೆ. "ಮೇಲೆ ಹೋಗಿ ಹಪ್ಪಳ ಎತ್ತು."

ಅವನು ಹಿಂದೆ ತಿರುಗಿ ನೋಡಿದ, ಇನ್ನು ಯಾರಾದರೂ ಇದ್ದಾರೆಯೆ ಅಂತ.

"ನಂಗಾ ಹೇಳ್ತಿರೋದು?"

"ನಿಂಗೇ ಕಣೋ. ಎದ್ದೇಳು."

"ನಂಗೆ ಬರುತ್ತಾ ಅಕ್ಕಾ?"

"ಬರದಿದ್ರೂ ಎತ್ತು!"

ಅವನು ಎದ್ದ. ಪಂಚೆ ಎತ್ತಿ ಕಟ್ಟಿದ. ಮೆಟ್ಟಿಲ ಮೇಲೆ ಅವನು ಓಡಿದ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಓಡಬಲ್ಲ ಅಂತಲೇ ಗೊತ್ತಿರಲಿಲ್ಲ. ತಾರಸಿಯ ಮೇಲೆ ದಡದಡ ಹೆಜ್ಜೆ, ಆ ಮೂಲೆಯಿಂದ ಈ ಮೂಲೆಗೆ. "ಬಂದೆ ಬಂದೆ, ನಿಂತ್ಕೊ," ಅಂತ ಹಪ್ಪಳಗಳಿಗೇ ಹೇಳುತ್ತಿದ್ದ. ಹಸಿ ಹಪ್ಪಳವನ್ನು ಒಣಗಿದ್ದರ ಮೇಲೆ ಹೇರುತ್ತಿದ್ದಾನೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ ಅಂತ ನನಗೆ ಕೆಳಗೇ ಗೊತ್ತಾಗುತ್ತಿತ್ತು. ಅಂಟಲಿ ಅಂದುಕೊಂಡೆ. ಅದು ಅವನ ಕೆಲಸ. ನನ್ನದಲ್ಲ. ಹಾಗೆ ಅಂದುಕೊಂಡ ತಕ್ಷಣ ಹೆಗಲು ಎರಡೂ ತಮ್ಮಷ್ಟಕ್ಕೆ ಕೆಳಗಿಳಿದವು. ಅವು ಅಷ್ಟು ದಿನ ಮೇಲಿದ್ದವು ಅಂತ ಗೊತ್ತಾಗಿದ್ದೂ ಆಗಲೇ. ಎದುರಿನ ಗೋಡೆಯ ಮೇಲೆ ಸುಣ್ಣ ಉದುರಿದ ಜಾಗವಿತ್ತು. ಒಂದು ಆಮೆಯ ಹಾಗಿತ್ತು. ಸ್ವಲ್ಪ ಹೊತ್ತು ನೋಡಿದರೆ ಕುದುರೆಯ ಹಾಗೂ ಇತ್ತು. ಕಾಲು ಚಾಚಿದೆ.

"ಬಂತು," ಅಂದಳು ಇಂಚರ ಬಾಗಿಲಿನಾಚೆಯಿಂದ. ಆಮೇಲೆ ಕೀಲಿಮಣೆಯ ಟಕಟಕ ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕು ಕಡ್ಡಿ ಬಂದಿತ್ತು ಅಂತ ಅವಳು ಆಮೇಲೆ ಹೇಳಿದಳು. ನಾನು ನೋಡಲಿಲ್ಲ.

ಹನ್ನೆರಡಕ್ಕೆ ಬಾಗಿಲು ತೆರೆದು ಅವಳು ಹೊರಗೆ ಬಂದಾಗ ಚೆಲುವನೂ ಮೇಲಿನಿಂದ ಇಳಿದ. ತಲೆಯ ತುಂಬ ಧೂಳು, ಅಂಗಿಯ ಗುಂಡಿ ಎರಡು ಕಿತ್ತುಹೋಗಿದ್ದವು. ಎರಡೂ ಕೈಯಲ್ಲಿ ಸೀರೆಯ ಗಂಟು.

"ಇಂಚೂ, ಬರ್ದ್ಯಾ?"

"ಕೊನೇ ಪ್ರಶ್ನೆವರೆಗೂ ಬರ್ದೆ ಮಾವ."

"ಅಕ್ಕಾ, ನಾನೂ ಒಂದೂ ಬಿಡ್ಲಿಲ್ಲ. ಚರಂಡಿ ಹತ್ರ ಹೋಗಿದ್ದನ್ನೂ ಅಟ್ಟಿಸ್ಕೊಂಡು ಹೋಗಿ ತಂದೆ."

ಗಂಟು ಬಿಚ್ಚಿದೆ. ಹಪ್ಪಳಗಳು ಒಂದರೊಳಗೊಂದು ಕಲೆತು, ನಾನ್ನೂರೂ ಸೇರಿ ಒಂದು ದೊಡ್ಡ ಮುದ್ದೆಯಾಗಿತ್ತು. ಅದರ ಮೇಲೆ ಬೇವಿನ ಎಲೆ, ಯಾರದೋ ಬಸ್ ಟಿಕೆಟ್ಟು. ಇಂಚರ ನನ್ನ ಮುಖ ನೋಡಿದಳು. ಚೆಲುವನೂ ನೋಡಿದ.

"ಚೆನ್ನಾಗಿ ಎತ್ತಿದ್ದೀಯ," ಅಂದೆ.

ಮದುವೆಮನೆಯವರು ಬೈದರು. ಹೊಸ ಹಿಟ್ಟು ನಾದಿ ಎರಡು ಹಗಲು ಲಟ್ಟಿಸಿ ಒಪ್ಪಿಸಿದೆ. ಆ ಎರಡೂ ದಿನ ಚೆಲುವ ಮಣೆಯ ಎದುರಿಗೆ ಬಂದು ಕೂತು, "ಇನ್ನೇನ್ ಮಾಡ್ಲಿ ಅಕ್ಕಾ?" ಅಂತ ಕೇಳಿದ. ಅವ್ವ ಹೆದರಿದ್ದು ಸುಳ್ಳಲ್ಲ. ಉಂಡೆ ಕಟ್ಟು ಅಂದರೆ ಒಂದೊಂದು ಉಂಡೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಾನೆ. ಲಟ್ಟಿಸು ಅಂದರೆ ಸ್ಟೀಲು ತಟ್ಟೆ ಬೋರಲು ಹಾಕಿ ಅಂಚು ಸರಿಯಿದೆಯೆ ಅಂತ ಅಳೆಯುತ್ತಾನೆ. ನಾನು ನೂರು ಮುಗಿಸುವಷ್ಟರಲ್ಲಿ ಅವನದು ಹನ್ನೆರಡು. ಆದರೆ ಜ್ವರ ಬರಲಿಲ್ಲ. ಊಟದ ಹೊತ್ತಿಗೆ ಲಟ್ಟಣಿಗೆ ಕಿತ್ತುಕೊಂಡು ತಟ್ಟೆ ಕೊಡುವವಳು ನಾನಿದ್ದೇನೆ.

ಇಂಚರಳಿಗೆ ಸೀಟು ಸಿಕ್ಕಿತು. ಈಗ ಹಾಸ್ಟೆಲಿನಲ್ಲಿದ್ದಾಳೆ. ನಮ್ಮ ಮನೆಯಲ್ಲಿ ಕೂರುವವರು ಯಾರೂ ಇಲ್ಲ ಅಂತ ಊರಿನಲ್ಲಿ ನಮ್ಮ ಗೌರವ ಸ್ವಲ್ಪ ಇಳಿದಿದೆ. ಜುಲೇಖಾಬಿ ತನ್ನ ಕಟ್ಟೆಯನ್ನು ಆ ಕಡೆಯ ಮನೆಯ ಗೋಡೆಗೆ ಬದಲಾಯಿಸಿದ್ದಾಳೆ. ಮಾದಯ್ಯ ಮೇಷ್ಟ್ರು ಸನ್ಮಾನಿತರ ಪಟ್ಟಿಯಲ್ಲಿ ಚೆಲುವನ ಹೆಸರಿನ ಮುಂದೆ 'ನಿವೃತ್ತ' ಅಂತ ಬರೆಸಿದ್ದಾರೆ. ಭಾನುವಾರ ಸಂಜೆ ನಾನು ಗೋಡೆಗೊರಗಿ ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತೇನೆ. ಮಗಳ ಮುಖ ಫೋನಿನಲ್ಲಿ ಬರುತ್ತದೆ. ಸೊರಗಿದ್ದಾಳೆ, ಚಕ್ಕುಲಿ ಮಾಡಿ ಕಳಿಸಬೇಕು ಅಂತ ಮನಸ್ಸಿಗೆ ಬಂದರೆ ಸಾಕು, ಮುಖ ಚೌಕ ಚೌಕವಾಗಿ ಒಡೆದುಹೋಗುತ್ತದೆ. "ಅಮ್ಮಾ, ಏನೋ ಯೋಚ್ನೆ ಮಾಡ್ದೆ ತಾನೆ?" ಅಂತ ಆ ಚೌಕಗಳೊಳಗಿಂದ ಬೈಯುತ್ತಾಳೆ.

ಮೊನ್ನೆ ಭಾನುವಾರ ಅವಳು ತನ್ನ ಹೊಸ ಬಿಳಿ ಕೋಟು ಹಾಕಿಕೊಂಡು ತೋರಿಸುತ್ತಿದ್ದಾಗ ಚೆಲುವ ಜರಡಿ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತ. "ಅಕ್ಕಾ, ನಾಳೆಗೆ ಎಷ್ಟ್ ಹಿಟ್ಟು?" ಕೋಟು ಚೂರುಚೂರಾಗಿ ಮಾಯವಾಯಿತು. ಎರಡು ಸೇರು ಜರಡಿ ಹಿಡಿ ಅಂದೆ. ಹಿಡಿದ. ಅವ್ವನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.